ಬೇಡದ ಮಿಂಚಂಚೆ: ತಡೆಯುವುದು ಬೇರೆ, ಸೋಸುವುದು ಬೇರೆ

ಮುಂಬಯಿ ಮಹಾನಗರಕ್ಕೆ ಅಂತರ್ಜಾಲವು ಸಾರ್ವಜನಿಕ ಸೇವೆಯಾಗಿ ಬಂದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮರುವರ್ಷವೇ ಬೆಂಗಳೂರಿನಲ್ಲಿ ಶಾಲೆ ಕಲಿತ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡಗೂಡಿ ಅಮೆರಿಕದಲ್ಲಿ ಹಾಟ್‌ಮೇಲ್ ಆರಂಭಿಸಿದರು. ಮುಂದೆ ನಮ್ಮ ನಗರದ್ದೇ ಆದ ರೆಡಿಫ್ ಸಂಸ್ಥೆಯೂ ಉಚಿತ ಮಿಂಚಂಚೆ ನೀಡಿತು. ಇಂದು ಬ್ಯಾಂಕಿನ ಲೆಕ್ಕಪತ್ರ, ವಿದ್ಯುತ್ ಬಿಲ್ಲು, ಹೌಸಿಂಗ್ ಸೊಸೈಟಿಯ ಸಭಾ ಸೂಚನೆ, ಸಂಘದ ಆಮಂತ್ರಣ ಎಲ್ಲವೂ ಸೇರುವುದು ಒಂದೇ ಪೆಟ್ಟಿಗೆಗೆ. ಅದೇ ಪೆಟ್ಟಿಗೆಗೆ ಬೇಡದ ರದ್ದಿಯೂ ಬಂದು ಬೀಳುತ್ತದೆ.

ಈ ಪಿಡುಗು ಹೊಸದಲ್ಲ. 1978ರ ಮೇ 3ರಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರಾಟ ವಿಭಾಗದ ಗ್ಯಾರಿ ತುರ್ಕ್ ಎಂಬವರು ಅಮೆರಿಕದ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ರವಾನಿಸಿದ್ದೇ ಇದರ ಮೊದಲ ಉದಾಹರಣೆ ಎನ್ನಲಾಗುತ್ತದೆ. ಕರಪತ್ರ ಹಂಚುವವನಿಗೆ ಕಾಗದ, ಮುದ್ರಣ, ಆಳಿನ ಖರ್ಚಿದೆ. ಮಿಂಚಂಚೆ ಕಳುಹಿಸುವವನಿಗೆ ಹತ್ತಾದರೂ ಹತ್ತು ಲಕ್ಷವಾದರೂ ಖರ್ಚು ಅತ್ಯಲ್ಪ. ಲಕ್ಷದಲ್ಲಿ ಒಬ್ಬ ಮರುಳಾದರೂ ಅವನಿಗೆ ಲಾಭವೇ.

ಇದಕ್ಕೆ ಎರಡು ಉಪಾಯಗಳಿವೆ. ಅವೆರಡನ್ನೂ ಒಂದೆಂದು ತಿಳಿಯುವುದರಿಂದಲೇ ಅನೇಕರ ಶ್ರಮ ವ್ಯರ್ಥವಾಗುತ್ತಿದೆ.

ಮೊದಲನೆಯದು ಬ್ಲಾಕ್ ಮಾಡುವುದು, ಅಂದರೆ ನಿರ್ದಿಷ್ಟ ವಿಳಾಸವೊಂದನ್ನು ತಡೆಯುವುದು. ಕಟ್ಟಡದ ವಾಚ್‌ಮನ್‌ಗೆ "ಇಂಥವರನ್ನು ಒಳಗೆ ಬಿಡಬೇಡ" ಎಂದು ಹೇಳಿದಂತೆ ಇದು. ಜಿಮೇಲ್‌ನಲ್ಲಿ ಹೀಗೆ ಮಾಡಿದರೆ ಆ ವಿಳಾಸದ ಮುಂದಿನ ಪತ್ರಗಳು ನೇರವಾಗಿ ಸ್ಪ್ಯಾಮ್ ಪೆಟ್ಟಿಗೆಗೆ ಹೋಗುತ್ತವೆ; ಕಳುಹಿಸಿದವರಿಗೆ ಅದು ತಿಳಿಯುವುದಿಲ್ಲ. ಪೀಡಿಸುವ ಪರಿಚಿತ ವ್ಯಕ್ತಿಗೆ ಈ ಉಪಾಯ ಸರಿಯಾದುದು. ಆದರೆ ರದ್ದಿ ಕಳುಹಿಸುವವನು ದಿನಕ್ಕೊಂದು ವಿಳಾಸ ಬದಲಿಸುತ್ತಾನೆ. ವೇಷ ಬದಲಿಸಿ ಬಂದವನನ್ನು ವಾಚ್‌ಮನ್ ಗುರುತಿಸುವುದೆಂತು?

ಎರಡನೆಯದು ಸೋಸುವಿಕೆ. ಇಲ್ಲಿ ಪರೀಕ್ಷೆಗೊಳಗಾಗುವುದು ಹೆಸರಲ್ಲ, ಪತ್ರದ ಲಕ್ಷಣ. ರದ್ದಿ ಪತ್ರಗಳಲ್ಲಿ ಯಾವ ಪದ ಎಷ್ಟು ಬಾರಿ ಬರುತ್ತದೆ, ಒಳ್ಳೆಯ ಪತ್ರಗಳಲ್ಲಿ ಎಷ್ಟು ಬಾರಿ ಬರುತ್ತದೆ ಎಂಬುದನ್ನು ಹೋಲಿಸಿ ಸಂಭವನೀಯತೆ ಲೆಕ್ಕ ಹಾಕುವ ವಿಧಾನವನ್ನು 2002ರಲ್ಲಿ ಪಾಲ್ ಗ್ರಹಾಂ ಅವರ ಲೇಖನವು ಜನಪ್ರಿಯಗೊಳಿಸಿತು. ಇಂದಿನ ಸೋಸುಕಗಳು ಇದರೊಂದಿಗೆ ಪತ್ರ ನಿಜವಾಗಿ ಎಲ್ಲಿಂದ ಹೊರಟಿತು, ಇತರ ಓದುಗರು ಅದನ್ನು ದೂರಿದ್ದಾರೆಯೇ ಎಂಬುದನ್ನೂ ನೋಡುತ್ತವೆ. ಆದುದರಿಂದ ಅಪರಿಚಿತ ಜಾಹೀರಾತನ್ನು ಬರಿದೆ ಅಳಿಸದೆ "ರಿಪೋರ್ಟ್ ಸ್ಪ್ಯಾಮ್" ಗುಂಡಿಯನ್ನು ಒತ್ತಬೇಕು. ಅದು ಸೋಸುಕಕ್ಕೆ ನಾವು ಕಲಿಸುವ ಪಾಠ.

ಆದರೆ ತಪ್ಪು ಪಾಠ ಕಲಿಸಿದರೆ ಕೇಡು ನಮಗೇ. ಕಳುಹಿಸುವವರ ಮೇಲಿನ ಸ್ಪ್ಯಾಮ್ ದೂರು ಶೇಕಡಾ 0.3ನ್ನು ಮುಟ್ಟಬಾರದೆಂಬ ನಿಯಮವನ್ನು ಗೂಗಲ್ 2024ರ ಫೆಬ್ರವರಿಯಿಂದ ಜಾರಿಗೆ ತಂದಿದೆ. ಸಾವಿರ ಪತ್ರಗಳಿಗೆ ಮೂರೇ ದೂರು! ಸಂಘವೊಂದು ಸದಸ್ಯರಿಗೆ ಕಳುಹಿಸಿದ ನಾಟಕದ ಆಮಂತ್ರಣವನ್ನೋ ವಿದ್ಯಾರ್ಥಿವೇತನದ ಸೂಚನೆಯನ್ನೋ ಕೆಲವರು ಬೇಸರದಿಂದ ಸ್ಪ್ಯಾಮ್ ಎಂದು ಒತ್ತಿದರೆ, ಡೊಂಬಿವಲಿಯಲ್ಲಿ ಅದನ್ನೇ ಕಾಯುತ್ತಿರುವ ವಿದ್ಯಾರ್ಥಿಗೆ ಆ ಪತ್ರ ಕಾಣದೆ ಹೋಗಬಹುದು. ಜಿಮೇಲ್‌ನ ಸ್ಪ್ಯಾಮ್ ಪೆಟ್ಟಿಗೆ 30 ದಿನಗಳ ಬಳಿಕ ತಾನಾಗಿಯೇ ಬರಿದಾಗುತ್ತದೆ ಎಂಬುದನ್ನೂ ಮರೆಯಬಾರದು.

ಆದುದರಿಂದ ಪರಿಚಿತ ಸಂಸ್ಥೆಯ ಪತ್ರ ಬೇಡವಾದರೆ "ಅನ್‌ಸಬ್‌ಸ್ಕ್ರೈಬ್" ಒತ್ತಿರಿ. ಅಪರಿಚಿತರದ್ದಾದರೆ ಸ್ಪ್ಯಾಮ್ ಎಂದು ದೂರಿರಿ. ಒಬ್ಬ ವ್ಯಕ್ತಿಯ ಕಾಟವಾದರೆ ಬ್ಲಾಕ್ ಮಾಡಿರಿ. ಅಪರಿಚಿತ ಪತ್ರದೊಳಗಿನ ಅನ್‌ಸಬ್‌ಸ್ಕ್ರೈಬ್ ಕೊಂಡಿಯನ್ನು ಮುಟ್ಟಬೇಡಿ; ಈ ವಿಳಾಸದಲ್ಲಿ ಓದುವವರಿದ್ದಾರೆ ಎಂಬ ಸುಳಿವು ಅದರಿಂದ ಸಿಗುತ್ತದೆ. ವಾರಕ್ಕೊಮ್ಮೆ ಸ್ಪ್ಯಾಮ್ ಪೆಟ್ಟಿಗೆಯನ್ನು ಕಣ್ಣಾಡಿಸಿ, ಒಳ್ಳೆಯ ಪತ್ರವಿದ್ದರೆ "ನಾಟ್ ಸ್ಪ್ಯಾಮ್" ಎಂದು ಒತ್ತಿರಿ. ಗಣಕಯಂತ್ರದಲ್ಲಿ ಜಿಮೇಲ್ ತೆರೆದು, ಸೆಟ್ಟಿಂಗ್ಸ್‌ನ ಫಿಲ್ಟರ್ ವಿಭಾಗದಲ್ಲಿ ಬೇಕಾದವರ ವಿಳಾಸ ನಮೂದಿಸಿ, ಇದನ್ನು ಎಂದೂ ಸ್ಪ್ಯಾಮ್‌ಗೆ ಹಾಕದಿರುವಂತೆ ಆಜ್ಞೆ ನೀಡಲೂ ಸಾಧ್ಯವಿದೆ.

ಬ್ಯಾಂಕಿನ ಹೆಸರಿನಲ್ಲಿ ಬರುವ ಪತ್ರಗಳಲ್ಲಿ ವಿಶೇಷ ಎಚ್ಚರ ಅಗತ್ಯ. ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಪತ್ರದ ಕೊಂಡಿಯನ್ನು ಒತ್ತುವ ಬದಲು ಆ ವಿಳಾಸವನ್ನು ತಾವೇ ಬರೆದು ತೆರೆಯುವುದು ಕ್ಷೇಮ. ಹಣ ಹೋದುದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು.

ವಂಚನೆಗೆ ಕಾನೂನಿನಲ್ಲಿ ಶಿಕ್ಷೆಯಿದೆ. ಆದರೆ ಕೇವಲ ಕಿರಿಕಿರಿಯ ಮಿಂಚಂಚೆಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ. ಅದನ್ನು ಸ್ಪರ್ಶಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು, 2012ರ ಪಾಲ್ಘರ್ ಬಂಧನಗಳ ಬಳಿಕ ಹೂಡಲಾದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2015ರ ಮಾರ್ಚ್ 24ರಂದು ರದ್ದುಪಡಿಸಿತು. ಹೀಗಾಗಿ ಜರಡಿ ನಮ್ಮ ಕೈಯಲ್ಲೇ ಇದೆ. ಮನೆಯ ಹಿರಿಯರಿಗೆ ಈ ಮೂರು ಗುಂಡಿಗಳ ವ್ಯತ್ಯಾಸವನ್ನು ಕಿರಿಯರು ಒಮ್ಮೆ ಕುಳಿತು ತಿಳಿಸಿಕೊಟ್ಟರೆ, ಹೊಟ್ಟಿನೊಂದಿಗೆ ಕಾಳೂ ತೂರಿಹೋಗುವುದು ತಪ್ಪೀತು.