ಅಟ್ಟಣೆ ಕಟ್ಟುವ ಮುನ್ನ ಮರವನ್ನು ಪರೀಕ್ಷಿಸಿ

ಮುಸುಕಿನ ಜೋಳ ತೆನೆಗಟ್ಟುವಾಗ, ಕಡಲೆಕಾಯಿ ಬಲಿಯುವಾಗ ಕಾಡುಹಂದಿ ಕಾಯಲು ಹೊಲದ ಮರದ ಮೇಲೆ ಅಟ್ಟಣೆ ಕಟ್ಟುವುದು ನಮ್ಮಲ್ಲಿ ರೂಢಿ. ರಾತ್ರಿಯಿಡೀ ಆ ಮರವನ್ನೇ ನಂಬಿ ಮಲಗುತ್ತೇವೆ. ಆದರೆ ಮರ ಗಟ್ಟಿಯಾಗಿದೆಯೇ ಎಂದು ನೋಡುವವರು ಕಡಿಮೆ.

ಕಳೆದ ಮುಂಗಾರಿನಲ್ಲಿ ನಾನು ಭೇಟಿಯಿತ್ತ ಹೊಲವೊಂದರಲ್ಲಿ ಹಳೆಯ ಮಾವಿನ ಕೊಂಬೆ ಅಟ್ಟಣೆಯ ಸಮೇತ ಮುರಿದು ಬಿದ್ದಿತ್ತು. ಕಾವಲಿನ ಹುಡುಗ ಊಟಕ್ಕೆ ಮನೆಗೆ ಹೋಗಿದ್ದರಿಂದ ಬದುಕಿಕೊಂಡ. "ಎಲೆಯೆಲ್ಲ ಹಸಿರಾಗೇ ಇತ್ತಲ್ಲ ಸಾರ್, ಹೋದ ವರ್ಷ ಕಾಯಿನೂ ಬಿಟ್ಟಿತ್ತು" ಎಂದರು ಆ ರೈತರು. ಮುರಿದ ಜಾಗದಲ್ಲಿ ಕೈಯಾಡಿಸಿದರೆ ಒಳಗೆಲ್ಲ ಕಂದು ಪುಡಿ!

ಹಸಿರೆಲೆ ಮರದ ಗಟ್ಟಿತನಕ್ಕೆ ಸಾಕ್ಷಿಯಲ್ಲ. ಬೇರಿನ ನೀರು ಮೇಲೇರುವುದು ತೊಗಟೆಯ ಒಳಗಿನ ಎಳೆಯ ಮರದ ಮೂಲಕ. ನಡುವಿನ ಚೇಗು ಶಿಲೀಂಧ್ರದಿಂದ ಕೊಳೆತರೂ ಮರ ಚಿಗುರುತ್ತಲೇ ಇರುತ್ತದೆ.

ಪರೀಕ್ಷೆ ಹೀಗೆ ಮಾಡಿ:

1. ಬುಡದಲ್ಲಾಗಲಿ ಕಾಂಡದ ಮೇಲಾಗಲಿ ಗಟ್ಟಿ ಅಣಬೆ ಮೂಡಿದ್ದರೆ ಒಳಗೆ ಕೊಳೆತಿದೆ ಎಂದೇ ತಿಳಿಯಿರಿ.

2. ಮರದ ಕೊಡತಿಯಿಂದ ಕಾಂಡದ ಸುತ್ತಲೂ ತಟ್ಟಿ. ಡೊಳ್ಳು ಸದ್ದು ಬಂದರೆ ಒಳಗೆ ಪೊಳ್ಳು.

3. ಪೊಟರೆಯಿದ್ದರೆ ಮೊದಲು ಹಾವು, ಜೇನು ಇಲ್ಲವೆಂದು ಖಚಿತಪಡಿಸಿಕೊಂಡು ಉದ್ದನೆಯ ಕಂಬಿಯಿಂದ ಆಳ ನೋಡಿ. ಪೊಟರೆಯ ಸುತ್ತ ಗಟ್ಟಿ ಮರ ಕಾಂಡದ ಅರ್ಧ ಅಡ್ಡಳತೆಯ ಮೂರನೇ ಒಂದು ಭಾಗವಾದರೂ ಉಳಿದಿರಬೇಕು. ಅಂದರೆ 60 ಸೆಂ.ಮೀ. ಅಡ್ಡಳತೆಯ ಕಾಂಡಕ್ಕೆ 10 ಸೆಂ.ಮೀ. ಪೊಟರೆಯ ಬಾಯಿ ಅಗಲವಾಗಿದ್ದರೆ ಇದೂ ಸಾಲದು.

4. ಮಾವಿನ ಕಾಂಡದ ರಂಧ್ರಗಳಿಂದ ಮರದ ಹೊಟ್ಟು ಉದುರುತ್ತಿದ್ದರೆ ಅದು ಕಾಂಡಕೊರಕದ ಗುರುತು.

5. ಮರ ಹೊಸದಾಗಿ ವಾಲಿದೆಯೇ, ಬುಡದ ಮಣ್ಣು ಬಿರಿದಿದೆಯೇ, ಕಾಲುವೆ ತೋಡುವಾಗ ಬೇರು ಕಡಿದಿದೆಯೇ ನೋಡಿ.

ಇವುಗಳಲ್ಲಿ ಒಂದು ಕಂಡರೂ ಆ ಮರದ ಮೇಲೆ ಅಟ್ಟಣೆ ಬೇಡ. ಪೊಟರೆಗೆ ಸಿಮೆಂಟು ತುಂಬಿಸಿದರೆ ಮರ ಗಟ್ಟಿಯಾಗದು. ಒಳಗೆ ತೇವ ನಿಂತು ಕೊಳೆ ಮುಂದುವರಿಯುತ್ತದೆ. ತಂತಿ ಬಿಗಿದು ಕಟ್ಟುವುದೂ ತಪ್ಪು. ಕೊಂಬೆ ದಪ್ಪವಾದಂತೆ ತಂತಿ ತೊಗಟೆಯನ್ನು ಕೊಯ್ದು ಕೊಂಬೆಯನ್ನು ಒಣಗಿಸುತ್ತದೆ.

ಹಾಗಾದರೆ ಕಾವಲು ಹೇಗೆ? ನಾಲ್ಕು ಗಟ್ಟಿ ಕಂಬಗಳನ್ನು 3 ಅಡಿ ಆಳಕ್ಕೆ ಹೂತು, ಓರೆಪಟ್ಟಿ ಕೊಟ್ಟು, 8 ಅಡಿ ಎತ್ತರದಲ್ಲಿ ಅಟ್ಟಣೆ ಹಾಕಿ, ಸುತ್ತ ತಡೆಗಳ ಕಟ್ಟಿ. ಕೆಟ್ಟ ಮರ ಎಷ್ಟು ಎತ್ತರವಿದೆಯೋ ಅದಕ್ಕಿಂತ ಹೆಚ್ಚು ದೂರದಲ್ಲಿರಲಿ. ಆನೆ ಓಡಾಡುವ ಕಡೆ ಮಾತ್ರ ಕಂಬದ ಅಟ್ಟಣೆಯನ್ನು ನಂಬದೆ ಅರಣ್ಯ ಇಲಾಖೆಯ ಸಲಹೆ ಕೇಳಿ. ಗುಡುಗು ಕೇಳಿಸಿದ ಕೂಡಲೇ ಅಟ್ಟಣೆ ಯಾವುದೇ ಇರಲಿ, ಇಳಿದು ಮನೆ ಸೇರತಕ್ಕದ್ದು.

ಕೆಟ್ಟ ಮರ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ವಿನಾಯಿತಿಯಿರುವ ಜಾತಿಗಳನ್ನು ಬಿಟ್ಟು, ವೃಕ್ಷಾಧಿಕಾರಿಯ ಅನುಮತಿ ಬೇಕು.

ಈಗಾಗಲೇ ಮರದ ಮೇಲೆ ಅಟ್ಟಣೆಯಿದ್ದರೆ ಇವತ್ತು ಸಂಜೆ ಹತ್ತುವ ಮುನ್ನ ಕೊಡತಿ ಹಿಡಿದು ಮರಕ್ಕೆ ಒಂದು ಸುತ್ತು ಬನ್ನಿ.