ಕುವೈತಿನಿಂದ ಬೆಂಗಳೂರಿಗೆ ಹೋದ ಹುಡುಗ

ಜುಲೈ ತಿಂಗಳ ಶುಕ್ರವಾರ ಸಂಜೆ ಅಬು ಹಲೀಫಾದಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಸಮುದ್ರ ದಂಡೆ ಹತ್ತಿರವೇ ಇದೆ. ಆದರೆ ಆ ಸೆಕೆಯಲ್ಲಿ ಅಲ್ಲಿ ನಿಂತರೆ ಭತ್ತ ಬೇಯಿಸುವ ಒಲೆಯ ಮುಂದೆ ನಿಂತ ಹಾಗೆ. ಹಾಗಾಗಿ ನಮ್ಮ ಮಕ್ಕಳ ಆಟವೆಲ್ಲ ಏಸಿಯ ಒಳಗೆ. ನಮ್ಮ ಮನೆಯಲ್ಲಿ ಈ ವರ್ಷ ಬೌಲಿಂಗ್ ಹುಚ್ಚು. 60 ಅಡಿ ದೂರದಲ್ಲಿ ನಿಂತಿರುವ ಹತ್ತು ಪಿನ್ನುಗಳನ್ನು ಒಂದೇ ಚೆಂಡಿಗೆ ಉರುಳಿಸುವುದು ಎಷ್ಟು ಕಷ್ಟ ಎನ್ನುವುದು ದುಡ್ಡು ಕೊಟ್ಟು ಆಡಿದವರಿಗೇ ಗೊತ್ತು. ಸತತ ಹನ್ನೆರಡು ಬಾರಿ ಹಾಗೆ ಉರುಳಿಸಿದರೆ 300 ಅಂಕ. ಅದಕ್ಕಿಂತ ಹೆಚ್ಚು ಅಂಕ ಆ ಆಟದಲ್ಲಿಲ್ಲ. ನನ್ನದು ನೂರು ದಾಟಿದರೆ ಆ ದಿನ ಮನೆಯಲ್ಲಿ ಪಾಯಸ.

ಒಂಬತ್ತನೇ ತರಗತಿಯ ಮಗ ಒಮ್ಮೆ ವಾಪಸು ಬರುವಾಗ ಕಾರಿನಲ್ಲಿ ಕೇಳಿದ: "ಪಪ್ಪಾ, ಇಂಥ ಆಟ ಆಡಿ ದೊಡ್ಡವರಾದವರು ನಮ್ಮ ಕಡೆ ಯಾರಾದರೂ ಇದ್ದಾರಾ?" ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಪ್ರಶ್ನೆ: "ಹತ್ತನೇ ಕ್ಲಾಸ್ ಆದ ಮೇಲೆ ನನ್ನನ್ನು ಊರಿಗೆ ಕಳಿಸಿದರೆ ಇದೆಲ್ಲ ಮುಗಿಯಿತಲ್ಲವಾ?" ನಿಜವಾದ ಪ್ರಶ್ನೆ ಎರಡನೆಯದು ಎಂದು ನನಗೆ ಗೊತ್ತಾಯಿತು. ಈ ಪತ್ರಿಕೆ ಓದುತ್ತಿರುವ ಅನೇಕರ ಮನೆಯಲ್ಲೂ ಈ ಪ್ರಶ್ನೆ ಬಂದಿರಬಹುದು.

ಅವನಿಗೆ ಅಂದು ನಾನು ಹೇಳಿದ್ದು ಪಂಕಜ್ ಅಡ್ವಾಣಿಯ ಕಥೆ. ಅವರು ಬೌಲಿಂಗ್ ಆಟಗಾರರಲ್ಲ, ಬಿಲಿಯರ್ಡ್ಸ್ ಮತ್ತು ಸ್ನೂಕರ್ ಆಟಗಾರರು. ಆದರೆ ಎರಡೂ ಒಳಾಂಗಣದ ಆಟಗಳೇ. ಎರಡಕ್ಕೂ ಬೇಕಾದದ್ದು ನಡುಗದ ಕೈ ಮತ್ತು ತಣ್ಣಗಿನ ತಲೆ. ಎಲ್ಲಕ್ಕಿಂತ ಮುಖ್ಯವಾಗಿ, ಪಂಕಜ್ ಅವರ ಎಳೆಯ ಬಾಲ್ಯ ಕಳೆದದ್ದು ಇದೇ ಕುವೈತಿನಲ್ಲಿ.

ಪಂಕಜ್ ಹುಟ್ಟಿದ್ದು 24 ಜುಲೈ 1985ರಂದು ಪುಣೆಯಲ್ಲಿ, ಒಂದು ಸಿಂಧಿ ಕುಟುಂಬದಲ್ಲಿ. ಮೊದಲ ಕೆಲವು ವರ್ಷಗಳು ಕುವೈತಿನಲ್ಲಿ ಕಳೆದವು. ಆಮೇಲೆ ಕುಟುಂಬ ಬೆಂಗಳೂರಿಗೆ ಬಂದು ನೆಲೆಸಿತು. ಅದು ಎಂಥ ಕಾಲ ಎಂದು ಇಲ್ಲಿನ ಹಿರಿಯರಿಗೆ ಹೇಳಬೇಕಾಗಿಲ್ಲ. 2 ಆಗಸ್ಟ್ 1990ರಂದು ಇರಾಕಿ ಸೈನ್ಯ ಕುವೈತಿಗೆ ನುಗ್ಗಿತು. ಮುಂದಿನ ಎರಡು ತಿಂಗಳಲ್ಲಿ ಏರ್ ಇಂಡಿಯಾ ಅಮ್ಮಾನ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಊರಿಗೆ ಮುಟ್ಟಿಸಿತು. ಕೈಯಲ್ಲಿ ಒಂದು ಚೀಲ ಹಿಡಿದು ಊರು ಸೇರಿ, ಸೊನ್ನೆಯಿಂದ ಬದುಕು ಶುರು ಮಾಡಿದವರು ನಮ್ಮ ನಡುವೆ ಇನ್ನೂ ಇದ್ದಾರೆ.

ಪಂಕಜ್ ಅವರಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಕಾಜಲ್ ಇಬ್ಬರು ಗಂಡು ಮಕ್ಕಳನ್ನು ಬೆಂಗಳೂರಿನಲ್ಲಿ ಬೆಳೆಸಿದರು. ಅಣ್ಣ ಶ್ರೀ ಅಡ್ವಾಣಿ ಮುಂದೆ ಕ್ರೀಡಾ ಮನಶ್ಶಾಸ್ತ್ರಜ್ಞರಾದರು. ಪಂಕಜ್ ಓದಿದ್ದು ಫ್ರಾಂಕ್ ಆಂಟನಿ ಪಬ್ಲಿಕ್ ಸ್ಕೂಲಿನಲ್ಲಿ, ಆಮೇಲೆ ಮಹಾವೀರ್ ಜೈನ್ ಕಾಲೇಜಿನಲ್ಲಿ ವಾಣಿಜ್ಯ ಪದವಿ. ಹತ್ತು ವರ್ಷದವರಾಗಿದ್ದಾಗ ಅಣ್ಣನ ಹಿಂದೆ ಸ್ನೂಕರ್ ಆಡುವಲ್ಲಿಗೆ ಹೋದರು. ತಮ್ಮನ ಕೈಯಲ್ಲಿ ಏನೋ ಇದೆ ಎಂದು ಮೊದಲು ಗುರುತಿಸಿದ್ದು ಅಣ್ಣನೇ. ನಂತರ ಮಾಜಿ ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಅರವಿಂದ ಸವೂರ್ ಗುರುವಾಗಿ ಸಿಕ್ಕಿದರು. ಹನ್ನೆರಡನೇ ವಯಸ್ಸಿಗೆ ಮೊದಲ ಪ್ರಶಸ್ತಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 12 ಅಡಿ ಉದ್ದ, 6 ಅಡಿ ಅಗಲದ ಹಸಿರು ಬಟ್ಟೆಯ ಮೇಜು, ಕೈಯಲ್ಲಿ ಕ್ಯೂ ಎಂಬ ಕೋಲು. ಬಿಲಿಯರ್ಡ್ಸ್‌ನಲ್ಲಿ ಮೂರೇ ಚೆಂಡು. ಎರಡು ಚೆಂಡುಗಳಿಗೆ ತಾಗಿಸಿಯೂ ಅಂಕ ಗಳಿಸಬಹುದು, ಜೇಬಿಗೆ ಬೀಳಿಸಿಯೂ ಗಳಿಸಬಹುದು. ಸ್ನೂಕರ್‌ನಲ್ಲಿ 15 ಕೆಂಪು, 6 ಬಣ್ಣದ ಚೆಂಡು, ಹೊಡೆಯಲು ಒಂದು ಬಿಳಿ. ಈ ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ. 1875ರ ಸುಮಾರಿಗೆ ಜಬಲ್ಪುರದಲ್ಲಿ ಬ್ರಿಟಿಷ್ ಸೈನ್ಯಾಧಿಕಾರಿಗಳು ಹೊತ್ತು ಕಳೆಯಲು ಹುಡುಕಿಕೊಂಡ ಆಟ ಅದು. ನಿಯಮಗಳಿಗೆ ರೂಪ ಬಂದದ್ದು ಮೈಸೂರಿನಿಂದ ಘಾಟಿ ಹತ್ತಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ. ಬಿಲಿಯರ್ಡ್ಸ್‌ಗೂ ಸ್ನೂಕರ್‌ಗೂ ಹೊಡೆತದ ಲಯವೇ ಬೇರೆ. ಹೆಚ್ಚಿನವರು ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತಾರೆ. ಪಂಕಜ್ ಎರಡನ್ನೂ ಬಿಡಲಿಲ್ಲ.

2003ರಲ್ಲಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ ಐಬಿಎಸ್‌ಎಫ್ ವಿಶ್ವ ಸ್ನೂಕರ್ ಚಾಂಪಿಯನ್‌ಶಿಪ್. ಹದಿನೆಂಟು ವರ್ಷದ ಹುಡುಗ ಫೈನಲ್‌ನಲ್ಲಿ ಪಾಕಿಸ್ತಾನದ ಸಾಲೇಹ್ ಮೊಹಮ್ಮದ್ ಅವರನ್ನು 11–5ರಿಂದ ಸೋಲಿಸಿದ. ಎರಡು ವರ್ಷದ ನಂತರ 2005ರಲ್ಲಿ ಮಾಲ್ಟಾದಲ್ಲಿ ವಿಶ್ವ ಬಿಲಿಯರ್ಡ್ಸ್. ಅದರಲ್ಲಿ ಅಂಕದ ಲೆಕ್ಕದ ಆಟ ಒಂದು, ಸಮಯದ ಲೆಕ್ಕದ ಆಟ ಇನ್ನೊಂದು. ಒಂದೇ ವರ್ಷ ಎರಡನ್ನೂ ಗೆದ್ದವರು ಅದುವರೆಗೆ ಯಾರೂ ಇರಲಿಲ್ಲ. 2008ರಲ್ಲಿ ಅದೇ ಸಾಧನೆಯನ್ನು ಬೆಂಗಳೂರಿನ ಜನರ ಮುಂದೆಯೇ ಮತ್ತೆ ಮಾಡಿ ತೋರಿಸಿದರು. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೈಕ್ ರಸೆಲ್ ಅವರನ್ನು ಮಣಿಸಿ ವಿಶ್ವ ವೃತ್ತಿಪರ ಬಿಲಿಯರ್ಡ್ಸ್ ಪಟ್ಟ. ಗೀತ್ ಸೇಥಿಯ ನಂತರ ಅದನ್ನು ಗೆದ್ದ ಎರಡನೇ ಭಾರತೀಯ ಇವರು.

ಗಲ್ಫ್‌ಗೂ ಅವರು ಬರುತ್ತಲೇ ಇದ್ದರು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಬಿಲಿಯರ್ಡ್ಸ್ ಚಿನ್ನ. 2010ರಲ್ಲಿ ಗುವಾಂಗ್‌ಝೌನಲ್ಲಿ ಮತ್ತೆ ಚಿನ್ನ, ಆ ಕೂಟದಲ್ಲಿ ಭಾರತಕ್ಕೆ ಮೊದಲ ಚಿನ್ನ ಅದೇ. 2024ರ ನವೆಂಬರ್‌ನಲ್ಲಿ ಅದೇ ದೋಹಾದಲ್ಲಿ ಗೆದ್ದದ್ದು 28ನೇ ವಿಶ್ವ ಪ್ರಶಸ್ತಿ. ಅರ್ಜುನ, ಖೇಲ್ ರತ್ನ, 2009ರಲ್ಲಿ ಪದ್ಮಶ್ರೀ, 2018ರಲ್ಲಿ ಪದ್ಮಭೂಷಣ ಬಂದವು. ನಮ್ಮ ರಾಜ್ಯೋತ್ಸವ ಪ್ರಶಸ್ತಿಯೂ ಬಂತು.

ಇಷ್ಟು ಕೇಳಿದ ಮಗ ಕೇಳಿದ: "ಅವರಿಗೆ ಕೈ ನಡುಗುವುದೇ ಇಲ್ಲವಾ?"

ಇದಕ್ಕೆ ಉತ್ತರ ಹೇಳಲು ನನ್ನ ವೃತ್ತಿ ನೆರವಿಗೆ ಬಂತು. ನಾನು ಆಸ್ಪತ್ರೆಯ ಫಾರ್ಮಸಿಸ್ಟ್. ನಮ್ಮ ಕೌಂಟರಿನಿಂದ ದಿನವೂ ಪ್ರೊಪ್ರನೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳು ಹೋಗುತ್ತವೆ. ಬೀಟಾ ಬ್ಲಾಕರ್ ಎನ್ನುವ ಗುಂಪಿನ ಈ ಔಷಧಿಗಳು ರಕ್ತದೊತ್ತಡಕ್ಕೆ, ಎದೆಬಡಿತದ ತೊಂದರೆಗೆ. ಇವು ಹೃದಯದ ಬಡಿತವನ್ನು ನಿಧಾನ ಮಾಡುತ್ತವೆ, ಜೊತೆಗೆ ಕೈ ನಡುಕವನ್ನೂ ಇಳಿಸುತ್ತವೆ. ಅದಕ್ಕೇ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಪಟ್ಟಿಯಲ್ಲಿ ಬಿಲಿಯರ್ಡ್ಸ್‌ನ ಎಲ್ಲ ಪ್ರಕಾರಗಳಿಗೆ, ಬಿಲ್ಲುಗಾರಿಕೆಗೆ, ಶೂಟಿಂಗ್‌ಗೆ, ಡಾರ್ಟ್ಸ್‌ಗೆ ಸ್ಪರ್ಧೆಯ ವೇಳೆ ಇವು ನಿಷಿದ್ಧ. ಬೌಲಿಂಗ್ ಕೂಡ ಹಿಂದೆ ಆ ಪಟ್ಟಿಯಲ್ಲಿತ್ತು. (ಪರೀಕ್ಷೆಯ ಹೆದರಿಕೆಗೆಂದು ಅಪ್ಪನ ಬಿಪಿ ಮಾತ್ರೆ ನುಂಗುವ ಹುಡುಗರಿಗೂ ಒಂದು ಮಾತು: ಉಬ್ಬಸ ಇದ್ದವರಿಗೆ ಇದು ಉಸಿರಿಗೇ ಕುತ್ತು ತರಬಹುದು. ವೈದ್ಯರು ಹೇಳದೆ ಮುಟ್ಟಬೇಡಿ.) ಅಂದರೆ ಈ ಆಟದಲ್ಲಿ ನಡುಗದ ಕೈ ಎನ್ನುವುದು ಅಷ್ಟು ಬೆಲೆಯ ವಸ್ತು. ಅದನ್ನು ಔಷಧದ ಅಂಗಡಿಯಿಂದ ತರುವಂತಿಲ್ಲ. ದಿನಕ್ಕೆ ಇಷ್ಟು ಗಂಟೆ ಎಂದು ಒಬ್ಬನೇ ಮೇಜಿನ ಮುಂದೆ ಬಾಗಿ ನಿಂತು ಸಂಪಾದಿಸಬೇಕು.

ಪಂಕಜ್ ಅವರ ಬದುಕಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಪದಕಗಳಿಗಿಂತ ಎರಡು ವಾಪಸಾತಿಗಳು. ಮೊದಲನೆಯದು ಕುವೈತಿನಿಂದ. ಎರಡನೆಯದು ಇಂಗ್ಲೆಂಡಿನಿಂದ. 2012ರಲ್ಲಿ ಅವರು ವೃತ್ತಿಪರ ಸ್ನೂಕರ್ ಸರಣಿ ಸೇರಿದರು. ಅದರ ಟೂರ್ನಿಗಳು ಹೆಚ್ಚಾಗಿ ನಡೆಯುವುದು ಬ್ರಿಟನ್ನಿನಲ್ಲಿ. 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ರ‍್ಯಾಂಕಿಂಗ್ ಟೂರ್ನಿಯೊಂದರಲ್ಲಿ ಅಷ್ಟು ದೂರ ಹೋದ ಮೊದಲ ಭಾರತೀಯ. ಹಣವೂ ಹೆಸರೂ ಇರುವ ಆ ದಾರಿಯನ್ನು ಎರಡು ಋತುಗಳ ನಂತರ, 2014ರಲ್ಲಿ, ತಾವಾಗಿಯೇ ಬಿಟ್ಟು ಬಂದರು. ಬೆಂಗಳೂರಿನಲ್ಲಿದ್ದುಕೊಂಡು ಎರಡೂ ಆಟ ಆಡುವುದನ್ನೇ ಆರಿಸಿಕೊಂಡರು. ಆಮೇಲೆ ಗೆದ್ದ ವಿಶ್ವ ಪ್ರಶಸ್ತಿಗಳೇ ಹತ್ತಕ್ಕೂ ಹೆಚ್ಚು. ಅನ್ನಕ್ಕೆ ಆಸರೆಯಾಗಿ ಓಎನ್‌ಜಿಸಿಯ ನೌಕರಿ ಇತ್ತು. ನಾವು ಎಣ್ಣೆಯ ದುಡ್ಡು ಹುಡುಕಿಕೊಂಡು ಇಲ್ಲಿಗೆ ಬಂದೆವು. ಅವರಿಗೆ ಊರಿನಲ್ಲೇ ಎಣ್ಣೆ ಕಂಪನಿ ಕೆಲಸ ಕೊಟ್ಟಿತು ಎಂದು ನಾವು ಗೆಳೆಯರು ನಗುವುದುಂಟು.

ಊರಿಗೆ ಕಳಿಸಿದ ಮಕ್ಕಳೆಲ್ಲ ಚಾಂಪಿಯನ್ ಆಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಮಕ್ಕಳು ಹಾಸ್ಟೆಲಿನಲ್ಲಿ ಒಂಟಿಯಾಗಿ, ಸಂಜೆ ಅಪ್ಪನ ಫೋನಿಗೆ ಕಾಯುತ್ತ ಬೆಳೆಯುವುದು ನಮಗೆಲ್ಲ ಗೊತ್ತಿರುವ ಸಂಗತಿ. ಪಂಕಜ್ ಅವರ ಪ್ರತಿಭೆ ಅವರದ್ದೇ. ಆದರೆ ಅದು ಹಾಳಾಗದಂತೆ ನೋಡಿಕೊಂಡವರು ಇದ್ದರು: ತಾಯಿ, ಜೊತೆಗೆ ಕರೆದುಕೊಂಡು ಹೋದ ಅಣ್ಣ, ತಿದ್ದಿದ ಗುರು. ನಾವು ಮಕ್ಕಳನ್ನು ಕಳಿಸುವಾಗ ಕಾಲೇಜಿನ ಶುಲ್ಕ, ಹಾಸ್ಟೆಲಿನ ಊಟ ಎಲ್ಲ ವಿಚಾರಿಸುತ್ತೇವೆ. ಅಲ್ಲಿ ಅವನ ಆಟವನ್ನು ನೋಡುವವರು ಯಾರು ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಈ ಸಲ ರಜೆಗೆ ಊರಿಗೆ ಹೋದಾಗ ಸೇರಿಸಬೇಕೆಂದಿರುವ ಕಾಲೇಜು ನೋಡಲು ಮಗನನ್ನೂ ಕರೆದುಕೊಂಡು ಹೋಗುತ್ತೇನೆ. ಸಂಜೆ ಹೊತ್ತು ಆಡಲು ಅಲ್ಲಿ ಏನಿದೆ ಎಂದು ಅವನೇ ಕೇಳಲಿ. ಅವನ ಸೋದರಮಾವ ಆ ಊರಿನಲ್ಲೇ ಇದ್ದಾರೆ. ವಾರಕ್ಕೊಮ್ಮೆ ಹೋಗಿ ಅವನ ಆಟ ನೋಡಿ ಬನ್ನಿ ಎಂದು ಅವರಿಗೆ ಈಗಲೇ ಹೇಳಿಟ್ಟಿದ್ದೇನೆ.