ಬೀದಿಬದಿಯ ಕಲ್ಲುಗಳೂ ಊರಿನ ಕಡತಗಳೇ

ಬೆಂಗಳೂರಿನ ಚರಿತ್ರೆಯನ್ನು 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿಸಿದ ಪ್ರಸಂಗದಿಂದ ಆರಂಭಿಸುವುದು ವಾಡಿಕೆ. ನಾಡಪ್ರಭುಗಳ ಹಿರಿಮೆಗೆ ಕುಂದು ತಾರದೆಯೇ ಒಂದು ಮಾತು ಹೇಳಬಹುದು: ಈ ಊರಿನ ಹೆಸರು ಅದಕ್ಕೂ ಆರು ಶತಮಾನಗಳ ಹಿಂದೆಯೇ ಕಲ್ಲಿನ ಮೇಲೆ ದಾಖಲಾಗಿತ್ತು. ಆ ಕಲ್ಲು ಇರುವುದು ಹಳೆಯ ಕೋಟೆ, ಪೇಟೆಗಳಲ್ಲಲ್ಲ. ನಗರದ ದಕ್ಷಿಣದ ಅಂಚಿನ ಬೇಗೂರಿನಲ್ಲಿ, ನಾಗೇಶ್ವರ ದೇಗುಲದ ಆವರಣದಲ್ಲಿ. ಸುಮಾರು ಕ್ರಿ.ಶ. 890ರ, ಗಂಗರ ಕಾಲದ ಈ ವೀರಗಲ್ಲು ‘ಬೆಂಗಳೂರ ಕಾಳಗ’ದಲ್ಲಿ ಮಡಿದವನೊಬ್ಬನ ಸ್ಮಾರಕ. ಆತ ಅಲ್ಲಿನ ಅಧಿಕಾರಿ ನಾಗತ್ತರನ ಮನೆಗೆ ಸೇರಿದವನು.

ನಗರದ ಹೊರವಲಯದ ಬಡಾವಣೆಗಳನ್ನು ನಾವು ನಿನ್ನೆ ಮೊನ್ನೆ ಹುಟ್ಟಿದವು ಎಂದು ಭಾವಿಸುತ್ತೇವೆ. ಕಲ್ಲುಗಳು ಬೇರೆಯದನ್ನೇ ಹೇಳುತ್ತವೆ. ಮೇಲ್ಸೇತುವೆಯ ವಾಹನದಟ್ಟಣೆಗೆ ಹೆಸರಾದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು. ಗಂಗದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ, ಶತ್ರುಗಳನ್ನು ಎದುರಿಸಿ ಮಡಿದ ಕಿತ್ತಯ್ಯನ ನೆನಪು ಅದರಲ್ಲಿದೆ. ಕಾಡುಗೋಡಿಯ ದೇವಾಲಯದಲ್ಲಿರುವ 1043ರ ತಮಿಳು ಶಾಸನ, ರಾಜರಾಜ ವೇಳಾನ್ ಎಂಬಾತ ಕಾಡು ಕಡಿಸಿ, ಪಟ್ಟಂದೂರಿನ ಹಿರಿಯ ಕೆರೆ ಕಟ್ಟಿಸಿ, ತೂಬು ಇಡಿಸಿದ್ದನ್ನು ತಿಳಿಸುತ್ತದೆ. ಮಡಿವಾಳದ ಸೋಮೇಶ್ವರ ದೇಗುಲದ 1247ರ ಶಾಸನ ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಜಮೀನಿನ ದಾನವನ್ನು ಹೇಳುತ್ತದೆ.

ಅರ್ಥಶಾಸ್ತ್ರವನ್ನು ಓದಿ, ಸೇವಾವಧಿಯ ಬಹುಭಾಗವನ್ನು ಜಮೀನಿನ ಕಡತಗಳ ನಡುವೆ ಕಳೆದ ನನಗೆ ಈ ಬರಹಗಳು ಪರಿಚಿತ ಭಾಷೆಯಲ್ಲೇ ಮಾತನಾಡುತ್ತವೆ. ದಾನ ಕೊಟ್ಟವರಾರು, ಪಡೆದವರಾರು, ಎಲ್ಲೆ ಯಾವುದು, ಯಾವ ತೆರಿಗೆಗೆ ವಿನಾಯಿತಿ, ಸಾಕ್ಷಿಗಳಾರು: ದಾನಶಾಸನವೊಂದರಲ್ಲಿ ಸಾಮಾನ್ಯವಾಗಿ ಕಾಣುವ ವಿವರಗಳಿವು. ಕೊನೆಗೆ ದಾನವನ್ನು ಅಳಿದವನಿಗೆ ಘೋರ ಪಾಪದ ಶಾಪ. ಪೊಲೀಸು, ನ್ಯಾಯಾಲಯಗಳು ಇಂದಿನಂತಿಲ್ಲದ ಕಾಲದಲ್ಲಿ ಆ ಶಾಪವೇ ದಂಡಸಂಹಿತೆ. ಇವು ಬರಿಯ ಪೂಜಾವಸ್ತುಗಳಲ್ಲ, ರಾಜರ ಹೊಗಳಿಕೆಯೂ ಅಲ್ಲ; ಕೆರೆ, ಗದ್ದೆ, ಗಡಿ, ಕಂದಾಯಗಳ ಸಾರ್ವಜನಿಕ ದಾಖಲೆಗಳು. ಒತ್ತುವರಿಯ ವಿವಾದಗಳು ನಮ್ಮ ಕೆರೆಗಳನ್ನು ಬೆನ್ನಟ್ಟಿರುವ ಈ ದಿನಗಳಲ್ಲಿ, ಸಾವಿರ ವರ್ಷದ ಹಿಂದೆ ಕೆರೆ ಕಟ್ಟಿಸಿದವನ ಹೆಸರು ನಮ್ಮ ಕಣ್ಣೆದುರಿಗೇ ಇರುವುದು ಅಲ್ಪ ಸಂಗತಿಯಲ್ಲ.

ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಅದರಲ್ಲಿ ಅಚ್ಚಾದ ಎಷ್ಟೋ ಕಲ್ಲುಗಳು ಇಂದು ಸ್ಥಳದಲ್ಲಿಲ್ಲ. ರಸ್ತೆ ಅಗಲೀಕರಣ, ಅಡಿಪಾಯ, ಚರಂಡಿ ಕಾಮಗಾರಿಗಳು ಒಂದೊಂದಾಗಿ ಅವನ್ನು ನುಂಗಿವೆ. 1961ರ ರಾಜ್ಯ ಕಾಯ್ದೆಯ ರಕ್ಷಣೆ ಮುಖ್ಯವಾಗಿ ಅಧಿಸೂಚಿತ ಸ್ಮಾರಕಗಳಿಗೆ. ಬೀದಿಬದಿಯ ಒಂಟಿಕಲ್ಲು ಅಧಿಸೂಚನೆಯ ಪಟ್ಟಿಗೆ ಏರುವುದು ಅಪರೂಪ. ಜಮೀನಿನ ಬಾಂದುಕಲ್ಲು ಕಿತ್ತವನಿಗೆ ದಂಡವಿದೆ. ಅದರ ಪಕ್ಕದ ಶಾಸನದ ಕಲ್ಲು ಕಿತ್ತವನನ್ನು ಕೇಳುವವರು ವಿರಳ.

ಮಿಥಿಕ್ ಸೊಸೈಟಿಯು 2021ರಿಂದ ಇಂತಹ ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿಗಳನ್ನು ಸಿದ್ಧಪಡಿಸುವ ಕಾರ್ಯ ಕೈಗೊಂಡಿತು. ಇದು ಸ್ತುತ್ಯರ್ಹ. ಆದರೆ ಪ್ರತಿ ಉಳಿದರೆ ಮಾತ್ರ ಸಾಲದು. ನೆಲೆಯಿಂದ ಕಿತ್ತ ಶಾಸನ ಚೆಕ್ಕುಬಂದಿಯಿಲ್ಲದ ಕ್ರಯಪತ್ರವಿದ್ದಂತೆ. ಅಕ್ಷರ ಉಳಿಯುತ್ತದೆ, ನೆಲದ ಗುರುತು ಹೋಗುತ್ತದೆ. ಬೇಗೂರಿನದೇ ಮತ್ತೊಂದು ಪ್ರಸಿದ್ಧ ವೀರಗಲ್ಲು ವಸ್ತುಸಂಗ್ರಹಾಲಯ ಸೇರಿ ಸುರಕ್ಷಿತವಾಯಿತು, ನಿಜ. ಆದರೆ ಬೇಗೂರಿನ ಶಾಲಾಮಕ್ಕಳಿಗೆ ಅದು ತಮ್ಮೂರಿನದೆಂದು ದಿನನಿತ್ಯ ಹೇಳುವವರಾರು?

ಆಗಬೇಕಾದ ಕೆಲಸ ದೊಡ್ಡ ಅನುದಾನವನ್ನೇನೂ ಬೇಡುವುದಿಲ್ಲ. ಮೊದಲನೆಯದಾಗಿ, ಉಳಿದಿರುವ ಪ್ರತಿ ಕಲ್ಲನ್ನೂ ಸರ್ವೆ ನಕ್ಷೆಯಲ್ಲಿ ಗುರುತಿಸಬೇಕು. ಎರಡನೆಯದಾಗಿ, ಆ ರಸ್ತೆಯ ಕಾಮಗಾರಿಗೆ ಅಂದಾಜುಪಟ್ಟಿ ತಯಾರಿಸುವ ಎಂಜಿನಿಯರು ಕಲ್ಲಿನ ರಕ್ಷಣೆಯ ಬಾಬ್ತನ್ನು ಅದರಲ್ಲೇ ಸೇರಿಸುವುದು ಕಡ್ಡಾಯವಾಗಬೇಕು. ಮೂರನೆಯದಾಗಿ, ಪಕ್ಕದಲ್ಲೊಂದು ಫಲಕ ಬೇಕು. ಅದರಲ್ಲಿ ‘ಪುರಾತನ ಶಾಸನ’ ಎಂಬೆರಡು ಪದಗಳಿದ್ದರೆ ಪ್ರಯೋಜನವಿಲ್ಲ. ಯಾರು, ಯಾವಾಗ, ಏಕೆ ಎಂಬುದು ತಿಳಿಗನ್ನಡದಲ್ಲಿರಬೇಕು. ಕಲ್ಲಿನ ಭಾಷೆ ತಮಿಳೋ ತೆಲುಗೋ ಆಗಿದ್ದರೆ ಅದನ್ನೂ ಮುಚ್ಚುಮರೆಯಿಲ್ಲದೆ ಬರೆಯಬೇಕು. ಈ ನೆಲ ಹಲವು ನುಡಿಗಳಲ್ಲಿ ಲೆಕ್ಕವಿಟ್ಟಿದೆ.

ಹೆಬ್ಬಾಳದ ಕಲ್ಲಿಗೆ ನೆರಳಾಗಿ ಮಂಟಪ ಕಟ್ಟಿಸಲು ಮುಂದಾದವರು ನಾಗರಿಕರೇ. ಅದೇ ಆಸ್ಥೆ ಇತರ ಬಡಾವಣೆಗಳ ನಿವಾಸಿಗಳ ಸಂಘಗಳಿಗೂ ಬರಲಿ. ಹೊಸದಾಗಿ ಬಂದು ನೆಲೆಸಿದವರು ಹೆಚ್ಚಿರುವ ಊರಿದು. ತಾವು ಮನೆ ಮಾಡಿಕೊಂಡ ನೆಲದಲ್ಲಿ ಮೊದಲು ಯಾರು ಕೆರೆ ಕಟ್ಟಿದರು, ಯಾರು ಕಾದಿ ಮಡಿದರು ಎಂಬುದನ್ನು ತಿಳಿದವರಿಗೆ, ಅದು ಬರಿಯ ನಿವೇಶನವಾಗಿ ಉಳಿಯದು; ಊರಾಗುತ್ತದೆ.